ಬೀದರ್‌ಗೆ ಬಂದವರಿಗೆ ಬೀದರ್ ತೋರಿಸುವವರು ಬೇಕು

ಮಾನ್ಯ ಸಂಪಾದಕರೇ,

ನಮ್ಮ ಬೀದರ್‌ಗೆ ಬರುವ ಪ್ರವಾಸಿಗರು ಬೆಳಿಗ್ಗೆ ಇಳಿದು, ಕಿಲ್ಲಾ ಒಂದು ಸುತ್ತು ಹಾಕಿ, ಗುರುದ್ವಾರದಲ್ಲಿ ಲಂಗರ್ ಊಟ ಮುಗಿಸಿ, ಸಂಜೆಯೊಳಗೆ ಹೈದರಾಬಾದ್ ಬಸ್ಸು ಹತ್ತಿಬಿಡುತ್ತಾರೆ. ಯಾಕೆ ಅಂತ ಕೇಳಿದರೆ ಒಳ್ಳೆ ಹೋಟೆಲ್ ಕಡಿಮೆ, ರಸ್ತೆ ಸರಿಯಿಲ್ಲ ಅನ್ನೋ ಉತ್ತರ ಸಿಗುತ್ತದೆ. ಇರಬಹುದು. ಆದರೆ ನನ್ನ ಪ್ರಕಾರ ದೊಡ್ಡ ಕೊರತೆ ಬೇರೆ. ಬಂದವರನ್ನು ಕರೆದುಕೊಂಡು ಊರೊಳಗೆ ನಡೆದು, ನಿಲ್ಲಿಸಿ, ಇಲ್ಲಿ ನೋಡ್ರಿ ಅಂತ ತೋರಿಸುವ ಮನುಷ್ಯನೇ ಇಲ್ಲ. ಈ ಮಾತು ನನ್ನ ತಲೆಯಲ್ಲಿ ಮೊದಲಿನಿಂದಲೂ ಇತ್ತು. ದಸರಾ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಉಜ್ಬೇಕಿಸ್ತಾನದ ಸಮರ್ಕಂದ್‌ಗೆ ಹೋಗಿ, ಒಬ್ಬ ಗೈಡ್ ಜೊತೆ ಇಡೀ ದಿನ ಕಾಲ್ನಡಿಗೆಯಲ್ಲಿ ಊರು ನೋಡಿ ಬಂದ ಮೇಲೆ ಬರೆಯಲೇಬೇಕು ಅನ್ನಿಸಿತು.

ಸಮರ್ಕಂದೇ ಯಾಕೆ ಅಂತ ನೆಂಟರೆಲ್ಲ ಕೇಳಿದರು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ನಮ್ಮೂರಿನ ಮಹಮೂದ್ ಗವಾನ್ ಮದರಸಾ ಪಾಠ ಬಂದಾಗಲೆಲ್ಲ ಇಂಥ ಕಟ್ಟಡಗಳು ಸಮರ್ಕಂದ್ ಕಡೆ ಇವೆ ಅಂತ ಮಕ್ಕಳಿಗೆ ಹೇಳುತ್ತಿದ್ದೆ. ಕಣ್ಣಾರೆ ನೋಡುವ ಆಸೆ ಇತ್ತು. ದೆಹಲಿಯಿಂದ ತಾಷ್ಕೆಂಟಿಗೆ ವಿಮಾನದಲ್ಲಿ ಸುಮಾರು ಮೂರು ಗಂಟೆ, ಅಲ್ಲಿಂದ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಅಷ್ಟೇ. ನಮ್ಮ ಮನೆಯವರು, ಮಗಳು, ಮಗ, ಎಪ್ಪತ್ತು ದಾಟಿದ ನಮ್ಮ ಅತ್ತೆ, ಜೊತೆಗೆ ಒಂದು ಚೀಲ ತುಂಬಾ ಖಡಕ್ ರೊಟ್ಟಿ, ಶೇಂಗಾ ಹಿಂಡಿ.

ನಮಗೆ ಸಿಕ್ಕ ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಕೊರಳಲ್ಲಿ ಲೈಸೆನ್ಸ್ ಕಾರ್ಡು, ಇಂಗ್ಲಿಷ್ ಜೊತೆ ಅಷ್ಟಿಷ್ಟು ಹಿಂದಿ. ಮೊದಲು ಅತ್ತೆಯ ಚಪ್ಪಲಿ ನೋಡಿದಳು, ಮೊಣಕಾಲು ನೋವು ಇದೆಯಾ ಅಂತ ಕೇಳಿದಳು, ಮಾಂಸ ತಿನ್ನುವುದಿಲ್ಲ ಅಲ್ವಾ ಅಂತ ಖಾತ್ರಿ ಮಾಡಿಕೊಂಡಳು. ಆಮೇಲೇ ಹೊರಟಿದ್ದು. ಇದು ಸಣ್ಣ ವಿಷಯ ಅಲ್ಲ. ಯಾವ ತಿರುವಿನಲ್ಲಿ ನೆರಳು ಇದೆ, ಎಲ್ಲಿ ಶೌಚಾಲಯ ಇದೆ, ಮುದುಕರು ಎಲ್ಲಿ ಕೂರಬಹುದು ಅನ್ನೋದೆಲ್ಲ ಆಕೆಗೆ ಬಾಯಿಪಾಠ ಆಗಿತ್ತು.

ಮೊದಲು ಗುರ್ ಎಮಿರ್, ಅಂದರೆ 1405ರಲ್ಲಿ ತೀರಿಕೊಂಡ ತೈಮೂರನ ಸಮಾಧಿ. ಚಿನ್ನದ ಬಣ್ಣದ ಗೋಡೆಗಳ ನಡುವೆ ಕಪ್ಪು ಅನ್ನುವಷ್ಟು ಗಾಢ ಹಸಿರಿನ ಒಂದು ಕಲ್ಲು. 1941ರ ಜೂನ್‌ನಲ್ಲಿ ಸೋವಿಯತ್ ವಿಜ್ಞಾನಿಗಳು ಈ ಗೋರಿ ತೆರೆದರು, ಅದೇ ಜೂನ್ 22ರಂದು ಹಿಟ್ಲರನ ಸೈನ್ಯ ರಷ್ಯಾಕ್ಕೆ ನುಗ್ಗಿತು, ಶಾಪ ತಟ್ಟಿತು ಅಂತ ಊರವರು ಇವತ್ತಿಗೂ ಹೇಳುತ್ತಾರೆ ಅಂತ ಆಕೆ ದನಿ ತಗ್ಗಿಸಿ ಹೇಳಿದಾಗ ನನ್ನ ಮಗ ಅಜ್ಜಿಯ ಸೆರಗು ಹಿಡಿದುಕೊಂಡ. ನಮ್ಮ ಮನೆಯವರು ನೇರವಾಗಿಯೇ ಕೇಳಿದರು, ಈ ತೈಮೂರ 1398ರಲ್ಲಿ ದೆಹಲಿಗೆ ಬಂದು ಏನು ಮಾಡಿದ ಗೊತ್ತಾ ಅಂತ. ಆ ಹುಡುಗಿ ಮಾತು ತಿರುಗಿಸಲಿಲ್ಲ. ಗೊತ್ತು, ದೊಡ್ಡ ಮಾರಣಹೋಮ ಆಯಿತು, ಮುಂದೆ ನೀವು ನೋಡುವ ಬೀಬಿ ಖಾನಂ ಮಸೀದಿಯನ್ನು ಆ ದಂಡಯಾತ್ರೆ ಮುಗಿಸಿ ಬಂದ ಮೇಲೆ 1399ರಲ್ಲಿ ಶುರು ಮಾಡಿದ್ದು, ಹಿಂದೂಸ್ತಾನದಿಂದ ತಂದ ಆನೆಗಳಿಂದ ಕಲ್ಲು ಸಾಗಿಸಿದರು ಅಂತ ಹೇಳಿದಳು. ತಮ್ಮೂರಿನ ದೊಡ್ಡ ರಾಜನ ಬಗ್ಗೆ ಹೊರಗಿನವರ ಮುಂದೆ ಹೀಗೆ ಹೇಳುವುದಕ್ಕೆ ತಯಾರಿ ಬೇಕು, ಧೈರ್ಯವೂ ಬೇಕು. ನನಗೆ ಬಹಳ ಮೆಚ್ಚುಗೆಯಾಯಿತು.

ಅಲ್ಲಿಂದ ರೆಜಿಸ್ತಾನ್ ಚೌಕ. ಮೂರು ಕಡೆ ಮೂರು ಮದರಸಾಗಳು. ಅದರಲ್ಲಿ ಮೊದಲನೆಯದನ್ನು ತೈಮೂರನ ಮೊಮ್ಮಗ ಉಲುಗ್ ಬೇಗ್ ಕಟ್ಟಿಸಿದ್ದು 1417ರಿಂದ 1420ರಲ್ಲಿ. ಈತ ರಾಜ ಅನ್ನುವುದಕ್ಕಿಂತ ಖಗೋಳ ವಿಜ್ಞಾನಿ ಅಂದರೇ ಸರಿ, ಸಾವಿರಕ್ಕೂ ಜಾಸ್ತಿ ನಕ್ಷತ್ರಗಳ ಪಟ್ಟಿ ಮಾಡಿದವನು. 1449ರಲ್ಲಿ ಸ್ವಂತ ಮಗನೇ ಕೊಲ್ಲಿಸಿದ. ಇದನ್ನು ಕೇಳುತ್ತಾ ನನಗೆ ನಮ್ಮ ಗವಾನನೇ ಕಣ್ಣ ಮುಂದೆ ಬಂದ. ಇರಾನಿನ ಗೀಲಾನ್ ಕಡೆಯಿಂದ ಬಂದು ಬಹಮನಿ ವಜೀರನಾಗಿ, 1472ರಲ್ಲಿ ಬೀದರ್‌ನಲ್ಲಿ ಮದರಸಾ ಕಟ್ಟಿಸಿ, ದೂರದೂರದಿಂದ ಪಂಡಿತರನ್ನು ಕರೆಸಿದ ಮನುಷ್ಯ. ಆಗದವರು ಅವನ ಮುದ್ರೆ ಒತ್ತಿದ ಸುಳ್ಳು ಪತ್ರ ಹುಟ್ಟಿಸಿದರು, ಸುಲ್ತಾನ ವಿಚಾರಿಸದೆ 1481ರಲ್ಲಿ ತಲೆ ತೆಗೆಸಿದ. ನಾನು ಮೊಬೈಲಿನಲ್ಲಿ ನಮ್ಮ ಮದರಸಾದ ಫೋಟೊ ತೋರಿಸಿದೆ. ಆ ಹುಡುಗಿ ಮಿನಾರನ್ನು ದೊಡ್ಡದು ಮಾಡಿ, ಗೋಡೆಗೆ ಕೂರಿಸಿದ ಹೆಂಚಿನ ಬಣ್ಣ ನೋಡಿ, ಇದು ಭಾರತದಲ್ಲಿದೆಯಾ ಅಂತ ಮತ್ತೆ ಮತ್ತೆ ಕೇಳಿದಳು. ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಗವಾನನ ಕಾಲದಲ್ಲೇ ಬೀದರ್‌ಗೆ ಬಂದು, ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾನೆ ಅಂತ ಹೇಳಿದ್ದೇ ತಡ, ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಬೀದರ್ ಅನ್ನೋ ಹೆಸರು ಬರೆದುಕೊಂಡಳು. ಮುಂದಿನ ಸಲ ಭಾರತದವರು ಬಂದಾಗ ಹೇಳುತ್ತೇನೆ ಅಂದಳು.

ಎದುರಿನ ಶೇರ್ ದೋರ್ ಮದರಸಾ 1619ರಿಂದ 1636ರವರೆಗೆ ಕಟ್ಟಿದ್ದು. ಬಾಗಿಲ ಕಮಾನಿನ ಮೇಲೆ ಹೆಂಚಿನಲ್ಲಿ ಎರಡು ಹುಲಿ, ಜಿಂಕೆ ಬೆನ್ನಟ್ಟಿ ಓಡುತ್ತಿವೆ, ಬೆನ್ನ ಮೇಲೆ ಮನುಷ್ಯ ಮುಖದ ಸೂರ್ಯ. ನಮ್ಮ ಮಗ ಜೋರಾಗಿ ಕೂಗಿದ, "ಯವ್ವಾ, ಹುಲಿ ನಮ್ಮ ಕಿಲ್ಲಾದಾಗೂ ಅದ ಅಲ್ಲ?" ಇದೆ. ಶರ್ಜಾ ದರ್ವಾಜಾದ ಮೇಲೆ ಕಲ್ಲಿನಲ್ಲಿ ಕೆತ್ತಿದ ಎರಡು ಹುಲಿಗಳಿವೆ. ಅಷ್ಟೇ ಅಲ್ಲ, ತಖ್ತ್ ಮಹಲ್‌ನಲ್ಲಿ ಕಮಾನಿನ ಪಕ್ಕ ಹೆಂಚಿನಲ್ಲೇ ಮಾಡಿದ ಹುಲಿ, ಅದರ ಬೆನ್ನ ಹಿಂದೆ ಉದಯಿಸುವ ಸೂರ್ಯ, ಇದ್ದ ಗುರುತು ಉಳಿದಿದೆ. ಅದು ಹದಿನೈದನೇ ಶತಮಾನದ ಅರಮನೆ. ಸಮರ್ಕಂದ್‌ನಲ್ಲಿ ಆ ಹುಲಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಜನ ಸರದಿ ನಿಲ್ಲುತ್ತಾರೆ. ನಮ್ಮ ಹುಲಿಯ ಕೆಳಗೆ ದಿನಾ ನೂರಾರು ಜನ ಹಾದು ಹೋಗುತ್ತಾರೆ, ತಲೆ ಎತ್ತಿ ನೋಡಿ ಅಂತ ಹೇಳುವವರು ಒಬ್ಬರೂ ಇಲ್ಲ.

ಇನ್ನೊಂದು ಮಾತು. ರೆಜಿಸ್ತಾನ್‌ನಲ್ಲಿ ಹೊಳೆಯುವ ನೀಲಿ ಎಲ್ಲ ಹಳೆಯದಲ್ಲ. ಇಪ್ಪತ್ತನೇ ಶತಮಾನದಲ್ಲಿ ಬಹಳಷ್ಟನ್ನು ಹೊಸದಾಗಿ ಕೂರಿಸಿದ್ದಾರೆ, ವಾಲಿದ್ದ ಒಂದು ಮಿನಾರನ್ನು 1932ರಲ್ಲಿ ನೆಟ್ಟಗೆ ಮಾಡಿದ್ದಾರೆ. ಇದನ್ನೂ ಆಕೆಯೇ ಹೇಳಿದ್ದು, ಗೋಡೆ ಹತ್ತಿರ ಕರೆದುಕೊಂಡು ಹೋಗಿ ಇದು ಹಳೆಯ ಹೆಂಚು, ಇದು ಹೊಸದು ಅಂತ ಬೆರಳಿಟ್ಟು ತೋರಿಸಿದಳು. ಹಳೆಯದರಲ್ಲಿ ಬಣ್ಣ ಒಂದೇ ಸಮ ಇಲ್ಲ, ಸಣ್ಣ ಸಣ್ಣ ಬಿರುಕು. ನಮ್ಮ ಗವಾನ್ ಮದರಸಾದಲ್ಲಿ 1696ರಲ್ಲಿ ಸಿಡಿಮದ್ದು ಸ್ಫೋಟವಾಗಿ ಮುಂದಿನ ಒಂದು ಮಿನಾರು, ಮುಂಭಾಗದ ಅರ್ಧ ಹೋಯಿತು. ಆದರೆ ಉಳಿದ ಮಿನಾರಿನ ಮೇಲೆ ಕಾಣುವ ಹೆಂಚು ಗವಾನನ ಕಾಲದ್ದೇ. ಐನೂರು ವರ್ಷದ ಬಿಸಿಲು ಮಳೆ ತಿಂದು ಉಳಿದದ್ದು. ಇದನ್ನು ಬಂದವರಿಗೆ ಹೇಳಿದರೆ ಅವರು ಐದು ನಿಮಿಷಕ್ಕೆ ಹೊರಡುತ್ತಾರಾ?

ಮಧ್ಯಾಹ್ನ ವಾಹನಗಳಿಲ್ಲದ ಅಗಲ ರಸ್ತೆಯಲ್ಲಿ ಬೀಬಿ ಖಾನಂ ಕಡೆ ನಡೆದೆವು. ಅತ್ತೆ ಮಾತ್ರ ಬ್ಯಾಟರಿ ಗಾಡಿಯಲ್ಲಿ ಬಂದರು. ಪಕ್ಕದ ಸಿಯಾಬ್ ಬಜಾರಿನಲ್ಲಿ ಸಮರ್ಕಂದ್ ರೊಟ್ಟಿ, ಗುಂಡಗೆ, ದಪ್ಪ, ಮೇಲೆ ಹೊಳಪು, ನಡುವೆ ಚುಚ್ಚಿ ಮಾಡಿದ ಹೂವಿನ ಗುರುತು, ಕೈಗೆತ್ತಿಕೊಂಡರೆ ಭಾರ. ದ್ರಾಕ್ಷಿ, ಅಕ್ರೋಟು, ಕರಬೂಜ, ಹಿಡಿಯಿಲ್ಲದ ಬಟ್ಟಲಲ್ಲಿ ಹಸಿರು ಚಹಾ. ಅತ್ತೆ ತಮ್ಮ ಶೇಂಗಾ ಹಿಂಡಿ ಡಬ್ಬಿ ತೆಗೆದು ಆ ರೊಟ್ಟಿಗೆ ಹಚ್ಚಿ ಗೈಡ್ ಹುಡುಗಿಗೂ ಕೊಟ್ಟರು, ಅವಳು ಖಾರಕ್ಕೆ ಕಣ್ಣೀರು ಹಾಕುತ್ತಾ ಇನ್ನೊಂದು ತುಂಡು ಕೇಳಿದಳು. "ಈ ಹುಡುಗಿ ಎಷ್ಟ್ ಛಂದ್ ಹೇಳ್ತಾಳ ನೋಡು, ನಂಗ ಭಾಷಾ ತಿಳಿಲಿಕ್ಕಂದ್ರೂ ತಿಳಿದಂಗ ಆಗ್ತದ" ಅಂತ ಅತ್ತೆ ಅಂದರು.

ಕೊನೆಗೆ ಶಾಹ್ ಎ ಜಿಂದಾ, ಗುಡ್ಡದ ಮೇಲೆ ಓಣಿಯ ಎರಡೂ ಕಡೆ ನೀಲಿ ಸಮಾಧಿಗಳು. ಅಲ್ಲಿಗೆ ಹತ್ತುವ ಮೆಟ್ಟಿಲುಗಳನ್ನು ಹೋಗುವಾಗ, ಬರುವಾಗ ಎಣಿಸಿ ಲೆಕ್ಕ ಸರಿಬಂದರೆ ಬೇಡಿದ್ದು ಆಗುತ್ತದೆ ಅನ್ನೋ ನಂಬಿಕೆ ಇದೆ. ಸಂಜೆ ಹೊತ್ತಿಗೆ ದಣಿದು ಮುಖ ಸಣ್ಣ ಮಾಡಿದ್ದ ಮಕ್ಕಳಿಗೆ ಆ ಹುಡುಗಿ ಇದೊಂದು ಕೆಲಸ ಕೊಟ್ಟಳು. ಅಷ್ಟೇ, ಇಬ್ಬರೂ ಎಣಿಸುತ್ತಾ ಓಡಿದರು. ಒಳ್ಳೆ ಗೈಡ್ ಅಂದರೆ ಇದು. ಇಸವಿ ಒಪ್ಪಿಸುವುದಲ್ಲ, ಯಾರಿಗೆ ಯಾವಾಗ ಏನು ಬೇಕು ಅಂತ ತಿಳಿದಿರುವುದು.

ಈಗ ನಮ್ಮೂರಿಗೆ ಬರೋಣ. ಹಿಂದೊಮ್ಮೆ ಧಾರವಾಡದಿಂದ ಬಂದ ನೆಂಟರನ್ನು ಕಿಲ್ಲಾಕ್ಕೆ ಕರೆದೊಯ್ದೆ. ರಂಗೀನ್ ಮಹಲ್‌ಗೆ ಬೀಗ. ಕೀಲಿ ಯಾರ ಹತ್ತಿರ ಇದೆ ಅಂತ ಕೇಳುತ್ತಾ ಬಿಸಿಲಲ್ಲಿ ಅಲೆದಾಡಿ, ಕೊನೆಗೆ ಒಬ್ಬರು ಬಂದು ತೆರೆದರು, ನೋಡಿ ಬೇಗ ಬರ್ರಿ ಅಂದರು. ಕರಿ ಕಲ್ಲಿನಲ್ಲಿ ಕಪ್ಪೆಚಿಪ್ಪಿನ ಹೊಳಪನ್ನು ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಕೂಡಿಸಿದ ಕೆಲಸ ಅದು. ಅದನ್ನು ಓರೆಯಿಂದ ಬೆಳಕು ಬೀಳುವ ಕಡೆ ನಿಂತು ನೋಡಬೇಕು. ಯಾರು ಹೇಳಬೇಕು? ಆ ನೌಕರರನ್ನು ದೂರುವುದಿಲ್ಲ, ಕಾವಲು ಅವರ ಕೆಲಸ, ವಿವರಿಸುವುದಕ್ಕೆ ಅವರನ್ನು ಇಟ್ಟಿಲ್ಲ.

ಹಳೆ ಊರಿನ ನಡುವೆ ಇರುವ ಕಾವಲು ಗೋಪುರ ಚೌಬಾರಾದಿಂದ ಶುರು ಮಾಡಿದರೆ ಗವಾನ್ ಮದರಸಾ, ಶರ್ಜಾ ದರ್ವಾಜಾ, ರಂಗೀನ್ ಮಹಲ್, ಸೋಲಾ ಖಂಬಾ ಮಸೀದಿ, ತಖ್ತ್ ಮಹಲ್, ಎಲ್ಲ ನಡೆದು ಹೋಗುವಷ್ಟು ದೂರದಲ್ಲೇ ಇವೆ. ದಾರಿಯಲ್ಲೇ ಬಿದ್ರಿ ಕೆಲಸದ ಅಂಗಡಿಗಳು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂಡಿಸಿ, ಕಿಲ್ಲಾದ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಕಾಯಿಸಿದರೆ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಗೆ 2023ರಲ್ಲಿ ನಮ್ಮೂರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆ ಕಪ್ಪಾಗುವ ಗಳಿಗೆಯನ್ನು ಒಬ್ಬ ಕಸಬುದಾರನ ಪಕ್ಕ ಕೂತು ನೋಡಿದ ಪ್ರವಾಸಿ ಏನೂ ಕೊಳ್ಳದೆ ಹೋಗುತ್ತಾನಾ? ಮಧ್ಯಾಹ್ನಕ್ಕೆ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು ಇದೆ. ಅಹ್ಮದ್ ಶಾಹ್ ವಲಿ ಗುಮ್ಮಟದ ಒಳಗಿನ ಬಣ್ಣದ ಚಿತ್ತಾರ, ಪಕ್ಕದಲ್ಲೇ ಸಿಡಿಲಿಗೆ ಅರ್ಧ ಸೀಳಿ ನಿಂತಿದೆ ಅನ್ನುವ ಬಹಮನಿ ಸುಲ್ತಾನ ಹುಮಾಯೂನನ ಗೋರಿ. ಅವನಿಗೆ ಜನ ಜಾಲಿಮ್, ಅಂದರೆ ಕ್ರೂರಿ, ಅಂತಲೇ ಹೆಸರಿಟ್ಟಿದ್ದರು, ಆ ಕತೆಯನ್ನೂ ಮುಚ್ಚಿಡದೆ ಹೇಳಬೇಕು. ಅಲ್ಲಿನ ಉರುಸಿಗೆ ಮಾಡ್ಯಾಳದ ಜಂಗಮರು ಕಾಲ್ನಡಿಗೆಯಲ್ಲಿ ಬಂದು ಹೂವು ಏರಿಸುತ್ತಾರೆ ಅನ್ನೋದನ್ನು ಹೊರಗಿನವರಿಗೆ ಮೊದಲು ಹೇಳಬೇಕು. ನೌಬಾದಿನ ಸುರಂಗ ಬಾವಿ, ಗೋರನಳ್ಳಿಯಲ್ಲಿ ಗವಾನನ ಸಮಾಧಿ, ಬಸವಕಲ್ಯಾಣ, ಇವೆಲ್ಲ ಎರಡನೇ ದಿನಕ್ಕೆ. ಎರಡನೇ ದಿನ ಅಂದರೆ ಒಂದು ರಾತ್ರಿ ಊರಲ್ಲಿ ಉಳಿಯುತ್ತಾರೆ. ಹೋಟೆಲ್‌ಗಳು ತಾವಾಗಿಯೇ ಬರುತ್ತವೆ.

ಸಮರ್ಕಂದ್ 2001ರಲ್ಲೇ ಯುನೆಸ್ಕೊ ಪಟ್ಟಿ ಸೇರಿತು. ಬೀದರ್, ಕಲಬುರಗಿ, ವಿಜಯಪುರದ ಸ್ಮಾರಕಗಳು 2014ರಿಂದ ತಾತ್ಕಾಲಿಕ ಪಟ್ಟಿಯಲ್ಲಿವೆ. ಅದು ಆದಾಗ ಆಗಲಿ. ಗೈಡ್ ತಯಾರು ಮಾಡುವುದಕ್ಕೆ ಯುನೆಸ್ಕೊ ಬೇಕಾಗಿಲ್ಲ. ನಮ್ಮಲ್ಲಿ ಇತಿಹಾಸದಲ್ಲಿ ಪದವಿ ಮಾಡಿ ಕೆಲಸ ಇಲ್ಲದೆ ಹೈದರಾಬಾದ್, ಬೆಂಗಳೂರು ಅಂತ ಹೊರಡುವ ಹುಡುಗ ಹುಡುಗಿಯರಿದ್ದಾರೆ. ಕನ್ನಡ, ದಖನಿ, ಮರಾಠಿ, ತೆಲುಗು ಅವರಿಗೆ ಓಣಿಯಲ್ಲೇ ಬಂದಿರುತ್ತದೆ, ಯಾವ ಊರಿನಲ್ಲಿ ಇಂಥ ಮಕ್ಕಳು ಸಿಗುತ್ತಾರೆ ಹೇಳಿ. ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆ ಸೇರಿ ಅವರಿಗೆ ಸರಿಯಾದ ತರಬೇತಿ ಕೊಡಲಿ, ಗುರುತಿನ ಕಾರ್ಡು ಕೊಡಲಿ, ಭಾನುವಾರ ಬೆಳಿಗ್ಗೆ ಚೌಬಾರಾದಿಂದ ಹೊತ್ತು ಗೊತ್ತು ಮಾಡಿದ ಒಂದು ನಡಿಗೆ ಶುರುವಾಗಲಿ, ದರ ಎಷ್ಟು ಅಂತ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದಿರಲಿ. ನಡಿಗೆ ಇರುವ ಹೊತ್ತಿಗೆ ರಂಗೀನ್ ಮಹಲ್ ಬೀಗ ತೆರೆದಿರಲಿ. ಮತ್ತೆ ಆ ಹುಡುಗರಿಗೆ ಬರುವ ದುಡ್ಡು ಹೊಟ್ಟೆಪಾಡಿಗೆ ಸಾಲುವಂತಿರಲಿ, ಇಲ್ಲದಿದ್ದರೆ ಒಂದೇ ವರ್ಷಕ್ಕೆ ಬಿಟ್ಟು ಹೋಗುತ್ತಾರೆ. ಕಲಬುರಗಿಯಲ್ಲೂ ಇದು ಆಗಬಹುದು. ಕೋಟೆಯೊಳಗಿನ 1367ರ ಜಾಮಿಯಾ ಮಸೀದಿ, ಖ್ವಾಜಾ ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಒಂದು ದಿನಕ್ಕೆ ಧಾರಾಳವಾಯಿತು.

ಬೇಸಿಗೆಯಲ್ಲಿ ಇದು ಆಗುವುದಿಲ್ಲ, ಆ ಬಿಸಿಲು ನಮಗೇ ತಡೆಯಲ್ಲ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಮಾಡಿದರೂ ಸಾಕು. ತರಬೇತಿಗೆ ಪಾಠ ಹೇಳುವವರು ಬೇಕಾದರೆ ಭಾನುವಾರ ನಾನು ಬರುತ್ತೇನೆ, ಸಂಬಳ ಬೇಡ. ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರೂ ಒಪ್ಪಿದ್ದಾರೆ. ಸಂಬಂಧಪಟ್ಟ ಅಧಿಕಾರಿಗಳು ಪತ್ರಿಕೆಯ ಮೂಲಕ ತಿಳಿಸಿದರೆ ಈ ಚಳಿಗಾಲದಲ್ಲೇ ಶುರು ಮಾಡಬಹುದು.

ಇಂತಿ,
ಒಬ್ಬ ಹೈಸ್ಕೂಲ್ ಶಿಕ್ಷಕಿ, ಬೀದರ್