ಗೆರೆಯ ಮೇಲೆ ಬೆರಳಿಟ್ಟ ದಿನ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಊರು ಸೇರಿ ನಾಲ್ಕು ದಿನ ಆಯಿತು. ರಾತ್ರಿ ಎರಡಾದರೂ ನಿದ್ದೆ ಹತ್ತುತ್ತಿಲ್ಲ. ಸುಮ್ನೆ ಹೊರಳಾಡುವುದಕ್ಕಿಂತ ನಿನಗೆ ಬರೆಯೋಣ ಅಂತ ಎದ್ದು ಕೂತಿದ್ದೇನೆ. ನೀನು ಕಟ್ಟಿಕೊಟ್ಟ ಚಾಕಲೇಟನ್ನು ನಿಮ್ಮಮ್ಮ ಆಗಲೇ ಅರ್ಧ ಬೀದಿಗೆ ಹಂಚಿ ಆಗಿದೆ.

ಅವತ್ತು ಶ್ವಾಂಡನ್ ಸ್ಟೇಷನ್ನಿನಲ್ಲಿ ಇಳಿದು, ಕಾಡಿನ ದಾರಿ ಹತ್ತಿ ಲೋಖ್‌ಸೀಟೆ ಬಂಡೆಯ ಹತ್ತಿರ ಹೋದಾಗ ನೀನು ಕೇಳಿದೆಯಲ್ಲ, "ಅಪ್ಪ, ಈ ಒಂದು ಗೆರೆ ನೋಡೋಕೆ ಇಷ್ಟು ದೂರ ಬಂದ್ವಾ?" ಅಂತ. ಬೇಜಾರಿಂದ ಕೇಳಿದ್ದಲ್ಲ, ಗೊತ್ತು. ಆದರೆ ಆಗ ನನಗೆ ಮಾತೇ ಹೊರಡಲಿಲ್ಲ. ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡುತ್ತಾ ಕಾಲೇಜಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಅದು, ಹೊಸ ಕಲ್ಲಿನ ಮೇಲೆ ಹಳೇ ಕಲ್ಲು ಬಂದು ಕೂತ ಜಾಗದ ಗೆರೆ. ಪ್ರತಿ ವರ್ಷ ಹೊಸ ಹುಡುಗರು ಬರುತ್ತಿದ್ದರು, ನಾನು ಅದೇ ಗೆರೆ ಎಳೆದು, ಮೇಲೆ ಚುಕ್ಕೆ ಹಾಕಿ, ಕೆಳಗೆ ಅಡ್ಡಗೀಟು ಹಾಕಿ, ಇದು ಗ್ಲಾರಸ್, ಇದು ಸ್ವಿಟ್ಜರ್ಲೆಂಡಿನಲ್ಲಿದೆ ಅಂತ ಹೇಳುತ್ತಿದ್ದೆ. ಅವತ್ತು ಅದರ ಮೇಲೆ ಬೆರಳಿಟ್ಟೆ. ಕಲ್ಲು ತಣ್ಣಗಿತ್ತು, ಸ್ವಲ್ಪ ಒದ್ದೆಯಾಗಿತ್ತು. ಗಂಟಲು ಕಟ್ಟಿಬಿಟ್ಟಿತು. ಅದಕ್ಕೇ ಉತ್ತರ ಈಗ ಬರೆಯುತ್ತಿದ್ದೇನೆ.

ನಮ್ಮ ಅಟ್ಟದ ಮೇಲಿನ ಹಳೇ ಪೇಪರ್ ಕಟ್ಟು ನೆನಪಿದೆ ತಾನೇ? ತಳದಲ್ಲಿ ಹಳೆಯದು, ಮೇಲೆ ಹೊಸದು. ಕಲ್ಲಿನ ಪದರಗಳೂ ಹಾಗೆಯೇ ಕೂರುತ್ತವೆ. ಸಮುದ್ರದ ತಳದಲ್ಲಿ ಮೊದಲು ಬಿದ್ದ ಕೆಸರು ಕೆಳಗೆ, ಆಮೇಲೆ ಬಿದ್ದದ್ದು ಮೇಲೆ. ಲೋಖ್‌ಸೀಟೆಯಲ್ಲಿ ಇದು ಪೂರ್ತಿ ಉಲ್ಟಾ. ನಿನ್ನ ತಲೆಯ ಮೇಲೆ ಚಾಚಿಕೊಂಡಿದ್ದ ಗಟ್ಟಿ ಬಂಡೆ ವೆರುಕಾನೊ, 25ರಿಂದ 30 ಕೋಟಿ ವರ್ಷ ಹಳೆಯದು. ನಿನ್ನ ಕಾಲ ಹತ್ತಿರ ಪುಡಿಪುಡಿಯಾಗಿ ಉದುರುತ್ತಿದ್ದ ಕಪ್ಪು ಕಲ್ಲು ಫ್ಲಿಶ್, ಅದಕ್ಕೆ ಮೂರೂವರೆಯಿಂದ ಐದು ಕೋಟಿ ವರ್ಷ ಅಷ್ಟೇ. ಇವತ್ತಿನ ಪೇಪರಿನ ಮೇಲೆ ಮುತ್ತಜ್ಜನ ಕಾಲದ ಪೇಪರು ಕೂತಿದ್ದರೆ ಯಾರೋ ತಂದು ಇಟ್ಟಿರಬೇಕು, ಅಲ್ವಾ? ಇಲ್ಲೂ ಅಷ್ಟೇ, ಮೇಲಿನ ಕಲ್ಲು ಅಲ್ಲಿಯದ್ದಲ್ಲ. ದಕ್ಷಿಣದಿಂದ ಕನಿಷ್ಠ 35 ಕಿಲೋಮೀಟರ್ ಜರುಗಿ ಬಂದು ಕೂತಿದೆ. ಒಂದು ಬಂಡೆ ಮಾತ್ರ ಅಲ್ಲ, ಬೆಟ್ಟದ ಸಾಲೇ ಬಂದಿದೆ.

ಹೀಗೆ ಜರುಗಿ ಬಂದ ಕಲ್ಲಿನ ದೊಡ್ಡ ಹಾಳೆಗೆ ನಾಪ್ ಅನ್ನುತ್ತಾರೆ. ಫ್ರೆಂಚ್‌ನಲ್ಲಿ ಹಾಗಂದರೆ ಮೇಜಿನ ಮೇಲೆ ಹಾಸುವ ಬಟ್ಟೆ. ಜರ್ಮನ್‌ನಲ್ಲಿ ಡೆಕ್ಕೆ, ನೀನು ದಿನಾ ಹೊದ್ದು ಮಲಗುವ ಹೊದಿಕೆಗೂ ಅದೇ ಹೆಸರು. ಪಾಠ ಮಾಡುವಾಗ ನಾನು ಕಂಬಳಿ ಅನ್ನುತ್ತಿದ್ದೆ. ನೆಲದ ಮೇಲೆ ಹಾಸಿದ ಕಂಬಳಿಯನ್ನು ಒಂದು ಕಡೆಯಿಂದ ತಳ್ಳಿದರೆ ಮಡಿಕೆ ಬಿದ್ದು, ಮಡಿಕೆ ಜಾಸ್ತಿಯಾದ ಮೇಲೆ ಒಂದರ ಮೇಲೊಂದು ಹತ್ತಿ ಕೂರುತ್ತದೆ. ಆಲ್ಪ್ಸ್ ಪೂರ್ತಿ ಇಂಥ ಕಂಬಳಿಗಳ ರಾಶಿ. ದಕ್ಷಿಣದಿಂದ ಆಫ್ರಿಕಾ ಕಡೆಯ ನೆಲ ಒತ್ತಿತು, ನಡುವಿನ ಸಮುದ್ರ ಮುಚ್ಚಿಹೋಯಿತು, ಯುರೋಪಿನ ಅಂಚಿನ ಕಲ್ಲೆಲ್ಲ ಸುಲಿದುಕೊಂಡು ಉತ್ತರಕ್ಕೆ ಸರಿಯಿತು. ಗ್ಲಾರಸ್ಸಿನ ರಾಶಿ ಹೆಲ್ವೆಟಿಕ್ ಅನ್ನುವ ಗುಂಪಿಗೆ ಸೇರಿದ್ದು.

ತಳದಿಂದ ಹೇಳುತ್ತೇನೆ. ಎಲ್ಲಕ್ಕಿಂತ ಕೆಳಗೆ ಆರ್ ಮಾಸಿಫ್, ಗ್ರಾನೈಟು ಮತ್ತು ನೈಸ್ (gneiss) ಕಲ್ಲಿನ ಅಡಿಪಾಯ. ಅದರ ಮೇಲೆ ಡೈನೋಸಾರ್ ಕಾಲದ ಸುಣ್ಣದಕಲ್ಲು. ಅದರ ಮೇಲೆ ಫ್ಲಿಶ್, ಅಂದರೆ ಬೆಟ್ಟ ಏಳುತ್ತಿದ್ದಾಗ ಅದರ ಮುಂದಿನ ಆಳ ಸಮುದ್ರಕ್ಕೆ ಜಾರಿ ತುಂಬಿದ ಮರಳು ಮತ್ತು ಜೇಡಿ. ಇಲ್ಲಿಗೆ ಲೆಕ್ಕ ಸರಿಯಾಗಿದೆ, ಹಳೆಯದರ ಮೇಲೆ ಹೊಸದು. ಆಮೇಲೆ ಬರುತ್ತದೆ ನಮ್ಮ ಗೆರೆ. ಗೆರೆ ದಾಟಿದ ಕೂಡಲೇ ಮತ್ತೆ ಹಿಂದಕ್ಕೆ ಹೋಗುತ್ತೇವೆ, ವೆರುಕಾನೊ. ಸಮುದ್ರ ಬರುವ ಮುಂಚೆ, ಒಣ ನೆಲದ ತಗ್ಗಿನಲ್ಲಿ ಹಳ್ಳಗಳು ತಂದು ಸುರಿದ ಕಲ್ಲು, ಜಲ್ಲಿ, ಕೆಂಪು ಮಣ್ಣು, ನಡುನಡುವೆ ಜ್ವಾಲಾಮುಖಿಯ ಕಲ್ಲೂ ಸೇರಿ ಆದದ್ದು. ಕೆಲವು ಕಡೆ ಸಾವಿರ ಮೀಟರಿಗಿಂತ ದಪ್ಪ ಇದೆ. ಮೆಲ್ಸ್ ಅನ್ನುವ ಊರಲ್ಲಿ ಇದೇ ಕಲ್ಲನ್ನು ಕಡಿದು ಗಿರಣಿಗೆ ಬೀಸುಕಲ್ಲು ಮಾಡುತ್ತಿದ್ದರು, ಅಷ್ಟು ಗಟ್ಟಿ. ಅದರ ಬೆನ್ನ ಮೇಲೆ ಇನ್ನೊಂದು ಸಾಲು ಸುಣ್ಣದಕಲ್ಲು. ನಮ್ಮ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ, ಅದರ ಮುಂದೆ ಇವೆಲ್ಲ ನಿನ್ನೆ ಮೊನ್ನೆ ಹುಟ್ಟಿದವು. ಆದರೆ ನಮ್ಮ ಬಂಡೆ ಎಷ್ಟೋ ಕಾಲದಿಂದ ಅಲುಗಾಡದೆ ಕೂತಿದೆ, ಇವು ಓಡಾಡಿವೆ.

ಈಗ ಗೆರೆಗೆ ಬರೋಣ. ನಿನ್ನ ಫೋನಿನಲ್ಲಿ ನಾನು ಹತ್ತಿರದಿಂದ ತೆಗೆದ ಫೋಟೋ ಇದೆ, ದೊಡ್ಡದು ಮಾಡಿ ನೋಡು. ಎರಡು ಕಲ್ಲಿನ ನಡುವೆ ಬೂದು-ಬಿಳಿ ಪಟ್ಟಿ ಕಾಣುತ್ತದೆ, ಹೆಚ್ಚು ಕಮ್ಮಿ ಒಂದು ಮೀಟರ್ ದಪ್ಪ. ಅದು ಸುಣ್ಣದಕಲ್ಲು, ಆದರೆ ಪದರ ಪದರವಾಗಿಲ್ಲ. ಮೈದಾ ಮತ್ತು ರಾಗಿ ಹಿಟ್ಟನ್ನು ಅರ್ಧಂಬರ್ಧ ಕಲೆಸಿ, ನಾದಿ, ಎಳೆದು, ಮತ್ತೆ ಮಡಚಿದ ಹಾಗೆ ಸುರುಳಿ ಸುರುಳಿಯಾಗಿದೆ. ಆ ಸುರುಳಿಗಳನ್ನೆಲ್ಲ ಕತ್ತರಿಸಿಕೊಂಡು ನಡುವೆ ಒಂದು ನೇರ ಸೀಳು ಹೋಗಿದೆ, ಸ್ಕೇಲ್ ಇಟ್ಟು ಎಳೆದಂತೆ. ನಾನು ಬೆರಳಿಟ್ಟಿದ್ದು ಅಲ್ಲೇ. ಇದೆಲ್ಲ ನಡೆದಾಗ ಈ ಜಾಗ ಹಲವು ಕಿಲೋಮೀಟರ್ ಆಳದಲ್ಲಿತ್ತು, ಬಿಸಿಯಲ್ಲಿತ್ತು. ಅಷ್ಟು ಬಿಸಿ ಮತ್ತು ಒತ್ತಡಕ್ಕೆ ಸುಣ್ಣದಕಲ್ಲು ಕರಗುವುದಿಲ್ಲ, ಆದರೆ ಗಟ್ಟಿಯಾಗಿದ್ದುಕೊಂಡೇ ನಿಧಾನವಾಗಿ ಹರಿಯುತ್ತದೆ. ಮೇಲಿನ ಬೆಟ್ಟ ಇದರ ಮೇಲೆ ಜಾರಿಕೊಂಡು ಬಂತು, ವರ್ಷಕ್ಕೆ ಒಂದು ಅಕ್ಕಿಕಾಳಿನ ಉದ್ದವೋ, ಅದಕ್ಕೂ ಕಮ್ಮಿಯೋ. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ ಹಾಗೆ ಕೆಲಸ ಮಾಡಿದ್ದು ಈ ಒಂದು ಮೀಟರ್ ಪಟ್ಟಿ.

ಇದನ್ನು ಮೊದಲು ಗಮನಿಸಿದ್ದು ಒಬ್ಬ ಅಪ್ಪ. ಟ್ರೈನಿನಲ್ಲಿ ಝೀಗೆಲ್‌ಬ್ರುಕ್ಕೆ ಹತ್ತಿರ ನೇರವಾದ ಕಾಲುವೆ ನೋಡಿದೆವಲ್ಲ, ಲಿಂತ್ ನದಿಯ ಪ್ರವಾಹ ತಡೆಯಲು ಆ ಕೆಲಸ ಮಾಡಿಸಿದ ಹಾನ್ಸ್ ಕೊನ್ರಾಡ್ ಎಷರ್. ಹಳೇ ಕಲ್ಲು ಸುಣ್ಣದಕಲ್ಲಿನ ಮೇಲೆ ಕೂತಿದೆ ಅಂತ 1807ರಷ್ಟು ಹಿಂದೆಯೇ ಅವರಿಗೆ ಗೊತ್ತಾಗಿತ್ತು. ಮಗ ಆರ್ನಾಲ್ಡ್ ಎಷರ್ ಇದನ್ನು ಬೆನ್ನು ಹತ್ತಿದರು. ಬೆಟ್ಟ ಬೆಟ್ಟ ಹತ್ತಿ, ಒಂದೇ ಗೆರೆ ಎಲ್ಲೆಲ್ಲಿ ಹೋಗುತ್ತದೆ ಅಂತ ಹುಡುಕಿದರು. 1848ರಲ್ಲಿ ಬ್ರಿಟನ್ನಿನ ದೊಡ್ಡ ಭೂವಿಜ್ಞಾನಿ ಮರ್ಚಿಸನ್ ಬಂದಾಗ ಕರೆದುಕೊಂಡು ಹೋಗಿ ತೋರಿಸಿದರು. ಬೆಟ್ಟವೇ ಬೆಟ್ಟದ ಮೇಲೆ ಜರುಗಿದೆ ಅಂತ ಆರ್ನಾಲ್ಡ್ ಅವರಿಗೆ ಕಂಡಿತ್ತು. ಕಂಡಿದ್ದು ಸರಿಯಾಗಿಯೇ ಇತ್ತು.

ಆದರೆ ಹಿಂದೆ ಸರಿದರು. ಇಷ್ಟು ದೊಡ್ಡ ನೆಲ ಇಷ್ಟು ದೂರ ಸರಿಯಿತು ಅಂತ ಬರೆದರೆ ಜನ ತನ್ನನ್ನು ಹುಚ್ಚ ಅಂದಾರು ಅನ್ನುವ ಅಂಜಿಕೆ ಅವರಿಗಿತ್ತಂತೆ. ಅದರ ಬದಲು ಎರಡು ಮಡಿಕೆಯ ವಿವರಣೆ ಕೊಟ್ಟರು. ಉತ್ತರದಿಂದ ಒಂದು ಮಡಿಕೆ, ದಕ್ಷಿಣದಿಂದ ಒಂದು, ಎರಡೂ ಮಲಗಿಕೊಂಡು ಎದುರುಬದುರು ಬಂದಿವೆ ಅಂತ. ಹಾಗಂದರೆ ಕಲ್ಲು ಓಡಾಡಬೇಕಾದ ದೂರ ಅರ್ಧಕ್ಕರ್ಧ ಇಳಿಯುತ್ತದೆ, ನಂಬುವುದು ಸುಲಭ. ಅವರ ಶಿಷ್ಯ ಆಲ್ಬರ್ಟ್ ಹೈಮ್ ಇದನ್ನೇ 1878ರಲ್ಲಿ ದೊಡ್ಡ ಪುಸ್ತಕ ಮಾಡಿದರು. ಎಂಥ ಚಿತ್ರಗಳು ಗೊತ್ತಾ! ಒಂದೊಂದು ಶಿಖರವೂ ಕೈಯಲ್ಲಿ ಮುಟ್ಟಿದ ಹಾಗೆ ಬರೆದಿದ್ದಾರೆ.

1884ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬರ್ಟ್ರಾಂಡ್ ಅದೇ ಚಿತ್ರಗಳನ್ನು ನೋಡಿ, ಗ್ಲಾರಸ್ಸಿಗೆ ಕಾಲಿಡದೆ, ಎರಡು ಮಡಿಕೆ ಬೇಕಿಲ್ಲ, ಒಂದೇ ಜರುಗು ಸಾಕು ಅಂತ ಬರೆದರು. ಉತ್ತರ ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನ ಕಲ್ಲಿದ್ದಲ ಗಣಿಗಳಲ್ಲಿ ಅಂಥದ್ದು ಅವರಿಗೆ ಗೊತ್ತಿತ್ತು. ಹೈಮ್ ತಪ್ಪಾಗಿ ಅರ್ಥ ಮಾಡಿದ್ದರೂ ಕಂಡದ್ದನ್ನು ಕಂಡ ಹಾಗೇ ಬರೆದಿದ್ದರು, ಅದಕ್ಕೇ ಇನ್ನೊಬ್ಬರು ಅದೇ ಚಿತ್ರದಿಂದ ಸರಿ ಉತ್ತರ ತೆಗೆಯಲು ಆಯಿತು. ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. 1900ರ ಆಸುಪಾಸಿನಲ್ಲಿ, ಐವತ್ತು ದಾಟಿದ ಹೈಮ್, ತಾನು ಹೇಳಿದ್ದು ತಪ್ಪು ಅಂತ ಎಲ್ಲರ ಮುಂದೆ ಒಪ್ಪಿಕೊಂಡರು. ಆರ್ನಾಲ್ಡ್ ಎಷರ್ ಅಷ್ಟರಲ್ಲಿ ತೀರಿಕೊಂಡು ಮೂವತ್ತು ವರ್ಷ ಆಗಿತ್ತು. ಅವರು ನಿಂತ ಜಾಗದಲ್ಲೇ ನಾವು ನಿಂತಿದ್ದೆವು ಪುಟ್ಟಿ. ಅಲ್ಲಿ ನನ್ನ ಗಂಟಲು ಕಟ್ಟಿದ್ದು ಅವರನ್ನು ನೆನೆದು.

ಅಕ್ಟೋಬರ್ ಶುರುವಿನಲ್ಲಿ ಗೆಳತಿಯರ ಜೊತೆ ಎಲ್ಮ್‌ಗೆ ಹೋಗುತ್ತೇನೆ ಅಂದೆ. ಖಂಡಿತ ಹೋಗು. ಶ್ವಾಂಡನ್ನಿನಿಂದಲೇ ಬಸ್ಸಿದೆ. ಊರಿನ ಮೇಲೆ ಗರಗಸದ ಹಲ್ಲಿನ ಹಾಗೆ ನಿಂತಿರುವುದು ಚಿಂಗೆಲ್‌ಹೋರ್ನರ್. ಅದರ ಅಡ್ಡಕ್ಕೆ ಒಂದು ಗೆರೆ ನೇರವಾಗಿ ಹೋಗಿದೆ, ಬರಿಗಣ್ಣಿಗೇ ಕಾಣುತ್ತದೆ. ಲೋಖ್‌ಸೀಟೆಯಲ್ಲಿ ನಮ್ಮ ಕೈಗೆ ಸಿಕ್ಕ ಅದೇ ಗೆರೆ ಅಲ್ಲಿ ಎರಡು ಸಾವಿರ ಮೀಟರ್ ಹೆಚ್ಚು ಎತ್ತರದಲ್ಲಿದೆ. ಬೆಟ್ಟ ಬಂದು ಕೂತ ಮೇಲೆ ಕೆಳಗಿನಿಂದ ಆರ್ ಮಾಸಿಫ್ ಮೇಲೆದ್ದು ಗೆರೆಯನ್ನೂ ಕಮಾನಿನ ಹಾಗೆ ಎತ್ತಿತು. ಗೆರೆಯ ಕೆಳಗೆ ಬಂಡೆಯಲ್ಲಿ ಒಂದು ತೂತಿದೆ, ಮಾರ್ಟಿನ್ಸ್‌ಲೋಖ್. ಮಾರ್ಚ್ 12–13 ಮತ್ತು ಸೆಪ್ಟೆಂಬರ್ 30–ಅಕ್ಟೋಬರ್ 1ರ ಹೊತ್ತಿಗೆ ಬೆಳಿಗ್ಗೆ ಸೂರ್ಯನ ಬೆಳಕು ಆ ತೂತಿನಿಂದ ಇಳಿದು ಸೀದಾ ಎಲ್ಮ್ ಚರ್ಚಿನ ಮೇಲೆ ಬೀಳುತ್ತದೆ. ನಿಮಿಷಗಳ ಆಟ ಅಷ್ಟೇ, ಲೇಟು ಮಾಡಬೇಡ.

ಅಲ್ಲಿ ಇನ್ನೊಂದು ಇದೆ. ಆ ಕಣಿವೆಯ ಫ್ಲಿಶ್‌ನಲ್ಲಿ ತೆಳ್ಳಗೆ ಹಾಳೆ ಹಾಳೆಯಾಗಿ ಏಳುವ ಕಪ್ಪು ಕಲ್ಲಿನಿಂದಲೇ ಮಕ್ಕಳು ಬರೆಯುವ ಸ್ಲೇಟು ಮಾಡುತ್ತಿದ್ದರು. ನೀನು ಒಂದನೇ ಕ್ಲಾಸಿನಲ್ಲಿ ಮೂಲೆ ಮುರಿದುಕೊಂಡು ಅಳುತ್ತಾ ಬಂದ ಸ್ಲೇಟು ಬೇರೆ ಊರಿನದು, ಆದರೆ ಜಾತಿ ಅದೇ. ಹಳೇ ಸ್ಲೇಟು ಕಾರ್ಖಾನೆ ಈಗ ಮ್ಯೂಸಿಯಂ ಆಗಿದೆ. ಬೇಡಿಕೆ ಹೆಚ್ಚಿದ ಹಾಗೆ ಎಲ್ಮ್‌ನವರು ಬೆಟ್ಟದ ಬುಡವನ್ನೇ ಕೊರೆಯುತ್ತಾ ಹೋದರು. 1881ರ ಸೆಪ್ಟೆಂಬರ್ 11ರ ಸಂಜೆ ಮೇಲಿನ ಗುಡ್ಡ ಕಳಚಿ ಬಿತ್ತು, ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಬಂದು ಅದನ್ನು ಅಧ್ಯಯನ ಮಾಡಿದವರೂ ಹೈಮ್ ಅವರೇ. ಚರ್ಚಿನಲ್ಲಿ ಒಂದು ನಿಮಿಷ ಆ ಸತ್ತವರಿಗಾಗಿ ಕೂತು ಬಾ.

2008ರಿಂದ ಆ ಪ್ರದೇಶ ಯುನೆಸ್ಕೋ ಪಟ್ಟಿಯಲ್ಲಿದೆ, ಹಾಗಾಗಿ ನನಗೆ ಅಂತ ಕಲ್ಲು ಒಡೆದು ತರಬೇಡ. ಫೋಟೋ ಸಾಕು. ಮಧ್ಯಾಹ್ನದ ಬಿಸಿಲಿಗಿಂತ ಓರೆ ಬಿಸಿಲಿನಲ್ಲಿ ಗೆರೆ ಚೆನ್ನಾಗಿ ಕಾಣುತ್ತದೆ. ವಾಪಸ್ ಬರುವಾಗ ಟೈಮಿದ್ದರೆ ಮತ್ತೆ ಲೋಖ್‌ಸೀಟೆಗೆ ಹತ್ತಿ, ಸೀಳಿನ ಪಕ್ಕ ಒಂದು ನಾಣ್ಯ ಹಿಡಿದು ಫೋಟೋ ತೆಗಿ, ನನ್ನದರಲ್ಲಿ ಅಳತೆ ಗೊತ್ತಾಗುವುದಿಲ್ಲ. ಬೆಟ್ಟದ ಮೇಲೆ ಚಳಿ, ನಿಮ್ಮಮ್ಮ ಹೆಣೆದ ಸ್ವೆಟರ್ ಮರೆಯಬೇಡ.

ನಿನ್ನ
ಅಪ್ಪ