ಟೈಗರ್‌ನನ್ನು ಕಳಿಸಬೇಡ, ಕಲಿಸುವವರನ್ನು ಮನೆಗೆ ಕರೆಸು

ಪ್ರಿಯ ಗೆಳೆಯ,

ನಿಮ್ಮ ಲ್ಯಾಬ್ರಡಾರ್ ನಾಯಿ ಟೈಗರ್ ಮೈಮೇಲೆ ನೆಗೆದು ಅವ್ವ ಬಿದ್ದರು ಅಂತ ಓದಿ ತುಂಬ ಬೇಜಾರಾಯಿತು. ಮೂಳೆಗೇನೂ ಆಗಿಲ್ಲ ಅನ್ನೋದೇ ಸಮಾಧಾನ. ಬಿಸಿನೀರಿನ ಶಾಖ ಕೊಡುವುದನ್ನು ನಿಲ್ಲಿಸಬೇಡಿ.

ಟೈಗರ್‌ನನ್ನು ಒಂದು ತಿಂಗಳು ತರಬೇತಿ ಕೇಂದ್ರದಲ್ಲಿ ಬಿಟ್ಟು ಬರುತ್ತೇನೆ, ಅಲ್ಲಿಯವರೇ ಪೂರ್ತಿ ಕಲಿಸಿ ವಾಪಸ್ ಕೊಡುತ್ತಾರೆ ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನಾಯಿ ಸಾಕಿದ ಬೇರೆಯವರೂ ಓದಲಿ ಅಂತ ನಿನ್ನ ಒಪ್ಪಿಗೆ ಕೇಳಿಯೇ ಎಲ್ಲರ ಮುಂದೆ ಇಡುತ್ತಿದ್ದೇನೆ.

ನನ್ನ ಮಾತು ಇಷ್ಟೇ. ತರಬೇತಿ ಖಂಡಿತ ಕೊಡಿಸು. ತಿಳಿದವರ ಕೈಯಲ್ಲೇ ಕೊಡಿಸು. ಆದರೆ ಟೈಗರ್‌ನನ್ನು ಮನೆಯಿಂದ ಆಚೆ ಕಳಿಸಬೇಡ. ತರಬೇತಿ ಕೊಡುವವರನ್ನು ಮಂಡ್ಯಕ್ಕೆ, ನಿಮ್ಮ ಮನೆ ಹಜಾರಕ್ಕೇ ಕರೆಸು. ಮನೆಯವರೆಲ್ಲ ಜೊತೆಗೆ ಕೂತು ಕಲಿಯಿರಿ. ಅವ್ವನಂತೂ ಇರಲೇಬೇಕು.

ಯಾಕೆ ಅಂತ ಹೇಳುತ್ತೇನೆ. ಟೈಗರ್‌ಗೆ ಈಗ ಎಂಟು ತಿಂಗಳು ತುಂಬಿದೆ ಅಲ್ವಾ? ನಾಯಿಗೆ ಇದು ಹರೆಯ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಬೇರೆ ಸಂಶೋಧಕರ ಜೊತೆ ಸೇರಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಣ್ಣು ಕಾಣದವರಿಗೆ ದಾರಿ ತೋರಿಸಲು ಬೆಳೆಸುವ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮರಿಗಳನ್ನು ಐದು ತಿಂಗಳ ವಯಸ್ಸಿನಲ್ಲಿ ಒಮ್ಮೆ, ಎಂಟು ತಿಂಗಳ ವಯಸ್ಸಿನಲ್ಲಿ ಒಮ್ಮೆ ಪರೀಕ್ಷೆ ಮಾಡಿ ನೋಡಿದರು. ಎಂಟು ತಿಂಗಳಿಗೆ ಬಂದ ಮರಿಗಳು ಸಾಕಿದವರು ಕೂರು ಅಂದರೆ ಮೊದಲಿನಷ್ಟು ಕೇಳುತ್ತಿರಲಿಲ್ಲ. ಆದರೆ ಗುರುತಿಲ್ಲದವರು ಹೇಳಿದರೆ ಚೆನ್ನಾಗಿಯೇ ಕೇಳುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಮತ್ತೆ ಸರಿಹೋಗುತ್ತಾ ಬಂದವು.

ಇದನ್ನು ಸ್ವಲ್ಪ ಯೋಚನೆ ಮಾಡು. ಕೇಂದ್ರದವರು ಕಳಿಸುವ ವಿಡಿಯೋದಲ್ಲಿ ಟೈಗರ್ ಅವರ ಮಾತು ಕೇಳಿ ಚೆನ್ನಾಗಿಯೇ ಕೂರುತ್ತಾನೆ. ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ನಿನಗೆ ಬೇಕಾಗಿರುವುದು ಅವನು ಅವ್ವನ ಮುಂದೆ ಕೂರುವುದು. ಒಂದು ಜಾಗದಲ್ಲಿ, ಒಬ್ಬರ ಕೈಯಲ್ಲಿ ಕಲಿತದ್ದನ್ನು ನಾಯಿ ತಾನಾಗಿಯೇ ಇನ್ನೊಂದು ಜಾಗಕ್ಕೆ, ಇನ್ನೊಬ್ಬರಿಗೆ ಹೊಂದಿಸಿಕೊಳ್ಳುವುದಿಲ್ಲ. ಕೇಂದ್ರದ ಅಂಗಳದಲ್ಲಿ ಕಲಿತ ಪಾಠವನ್ನು ನಿಮ್ಮ ಮನೆ ಬಾಗಿಲಲ್ಲಿ ಹೆಚ್ಚುಕಮ್ಮಿ ಹೊಸದಾಗಿ ಕಲಿಸಬೇಕು. ಅದನ್ನು ನೀವೇ ಕಲಿಸಬೇಕು.

ನೆಗೆಯುವ ವಿಷಯಕ್ಕೇ ಬರೋಣ. ಟೈಗರ್ ನೆಗೆದಾಗ ಏನಾಗುತ್ತದೆ? ಅವ್ವ ಅಯ್ಯೋ ಅಂತ ಕೂಗುತ್ತಾರೆ, ಕೈಯಲ್ಲಿ ತಳ್ಳುತ್ತಾರೆ. ಮಗ ನಗುತ್ತಾ ತಬ್ಬಿಕೊಳ್ಳುತ್ತಾನೆ. ನೀನು ಆಫೀಸಿನಿಂದ ಬಂದ ಖುಷಿಯಲ್ಲಿ ಒಂದು ದಿನ ತಲೆ ಸವರುತ್ತೀಯ, ಇನ್ನೊಂದು ದಿನ ಬಿಳಿ ಶರ್ಟ್ ಹಾಕಿದ್ದರೆ ಗದರುತ್ತೀಯ. ಅವನಿಗೆ ಬೇಕಾಗಿದ್ದು ನಿಮ್ಮ ಗಮನ. ಬೈದರೂ ಸಿಕ್ಕಿತು, ತಳ್ಳಿದರೂ ಸಿಕ್ಕಿತು. ಮನೆಯಲ್ಲಿ ಮೂವರು ಬೆನ್ನು ತಿರುಗಿಸಿ, ಒಬ್ಬರು ಯಾವಾಗಲೋ ಒಮ್ಮೆ ಮುದ್ದು ಮಾಡಿದರೂ ಸಾಕು, ಆ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳನ್ನು ಇಟ್ಟುಕೊಂಡು ತೋರಿಸಿದ್ದು ಇದನ್ನೇ. ಪ್ರತಿ ಸಲ ಸಿಗುವ ಬಹುಮಾನ ನಿಂತರೆ ಪ್ರಾಣಿ ಬೇಗ ಕೈಬಿಡುತ್ತದೆ. ಆಗಾಗ ಸಿಗುವ ಬಹುಮಾನಕ್ಕೆ ತುಂಬ ಹೊತ್ತು ಪ್ರಯತ್ನ ಮಾಡುತ್ತಲೇ ಇರುತ್ತದೆ.

ಹಾಗಾಗಿ ಮನೆಮಂದಿ ಎಲ್ಲರೂ ಒಂದೇ ಥರ ನಡೆದುಕೊಳ್ಳಬೇಕು. ನಾಲ್ಕು ಕಾಲೂ ನೆಲದ ಮೇಲಿದ್ದರೆ ಮಾತು, ಮುದ್ದು, ತಿಂಡಿ. ಕಾಲು ಎದ್ದ ತಕ್ಷಣ ಬೆನ್ನು ತಿರುಗಿಸುವುದು, ಮಾತಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಬಂದವರ ಮುಂದೆ ಕೂರುವುದನ್ನು ಜೊತೆಯಲ್ಲೇ ಕಲಿಸಬೇಕು. ಕೂತ ನಾಯಿ ನೆಗೆಯಲಾರದು. ಶುರುವಿನಲ್ಲಿ ನೆಗೆತ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ, ಇದು ನೆನಪಿರಲಿ. ಯಾವಾಗಲೂ ಸಿಗುತ್ತಿದ್ದದ್ದು ಸಿಗಲಿಲ್ಲ ಅಂತ ಅವನು ಇನ್ನೂ ಜೋರು ಮಾಡುತ್ತಾನೆ. ಎಷ್ಟೋ ಮನೆಯವರು ಅಲ್ಲಿಗೇ ಸೋತು ಬಿಟ್ಟುಬಿಡುತ್ತಾರೆ. ಆ ಹಂತ ದಾಟುವವರೆಗೆ ಅವ್ವನ ಹತ್ತಿರ ಬರುವಾಗ ಟೈಗರ್‌ಗೆ ಹಗ್ಗ ಇರಲಿ, ಹಗ್ಗ ನಿನ್ನ ಕೈಯಲ್ಲಿರಲಿ. ಅವ್ವ ಕುರ್ಚಿ ಮೇಲೆ ಕೂತಿರಲಿ.

ನಮ್ಮ ಕೆಂಚನಿಗೆ ಕಲಿಸಲು ಬಂದ ಮೇಡಂ ಹೇಗೆ ಶುರು ಮಾಡಿದರು ಗೊತ್ತಾ? ಮೊದಲು ನಾಯಿಯನ್ನು ಮುಟ್ಟಲೇ ಇಲ್ಲ. ಸೋಫಾ ಮೇಲೆ ಕೂತು, ಒಬ್ಬೊಬ್ಬರಾಗಿ ಅವನನ್ನು ಕೂರಿಸಿ ನೋಡೋಣ ಅಂದರು. ನಾನು ಕೂರು ಅಂದೆ. ಮಗಳು ಸಿಟ್ ಅಂದಳು. ಅತ್ತೆ ಕೂತ್ಕೊಳ್ಳೋ ಬಂಗಾರ ಅಂದರು, ಅವರ ಕೈಯಲ್ಲಿ ಇಡ್ಲಿ ಚೂರು ಬೇರೆ ಇತ್ತು. ಮೇಡಂ ಯಾರನ್ನೂ ಆಡಿಕೊಳ್ಳಲಿಲ್ಲ. ಒಂದು ಹಾಳೆಯಲ್ಲಿ ಕೂರು, ಮಲಗು, ಇರು, ಬಾ, ಬಿಡು ಅಂತ ಬರೆದು ಫ್ರಿಜ್ಜಿಗೆ ಅಂಟಿಸಿದರು. ಇನ್ಮೇಲೆ ಈ ಮನೆಯಲ್ಲಿ ಇಷ್ಟೇ ಮಾತು ಅಂದರು.

ಆಮೇಲೆ ಅತ್ತೆಯನ್ನೇ ಕರೆದು ಕೈಯಲ್ಲಿ ಬೇಯಿಸಿದ ಕೋಳಿಯ ಚೂರು ಕೊಟ್ಟರು. ಕಡಲೆಕಾಳಿಗಿಂತ ದೊಡ್ಡದಿರಲಿಲ್ಲ. ಉಪ್ಪು ಇಲ್ಲ, ಈರುಳ್ಳಿ ಇಲ್ಲ (ಈರುಳ್ಳಿ ನಾಯಿಗೆ ವಿಷ, ಸಾಂಬಾರಿನ ಅನ್ನ ಹಾಕುವ ಎಲ್ಲರೂ ಇದನ್ನು ತಿಳಿದಿರಬೇಕು). ಅದನ್ನು ಕೆಂಚನ ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಮೇಲೆತ್ತಿ ಕಿವಿಯ ಕಡೆಗೆ ಒಯ್ಯಲು ಹೇಳಿದರು. ತಲೆ ಮೇಲೆ ಹೋಯಿತು, ಹಿಂಭಾಗ ತಾನಾಗಿ ಕೆಳಗೆ ಇಳಿಯಿತು. ನೆಲ ಮುಟ್ಟಿದ ಕ್ಷಣಕ್ಕೇ ಮೇಡಂ 'ಹಾಂ' ಅಂದರು, ಅತ್ತೆ ಚೂರು ಬಾಯಿಗಿಟ್ಟರು. ಅರ್ಧ ನಿಮಿಷ ಬಿಟ್ಟು ಕೊಟ್ಟರೆ ಯಾವುದಕ್ಕೆ ಸಿಕ್ಕಿತು ಅಂತ ಅವನಿಗೆ ಗೊತ್ತಾಗುವುದಿಲ್ಲ. ಕೂರು ಅನ್ನುವ ಮಾತನ್ನು ಶುರುವಿನಲ್ಲಿ ಹೇಳಿಸಲೇ ಇಲ್ಲ. ಕೈ ಸನ್ನೆಗೆ ತಪ್ಪದೆ ಕೂರತೊಡಗಿದ ಮೇಲೆ ಮಾತು ಸೇರಿಸಿದರು. ಐದು ನಿಮಿಷಕ್ಕೆ ಪಾಠ ಮುಗಿಸಿ, ಮತ್ತೆ ಸಂಜೆ ಮಾಡಿ ಅಂದರು. ಹಜಾರದಲ್ಲಿ ಪಕ್ಕಾ ಆದ ಮೇಲೆ ಜಗಲಿ, ಆಮೇಲೆ ಗೇಟು, ಕೊನೆಗೆ ಬೀದಿ. ಈಗ ಕೆಂಚ ಅತ್ತೆಯ ಮಾತನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳುತ್ತಾನೆ. ಅವರ ಮುಖದಲ್ಲಿ ಆ ಹೆಮ್ಮೆ ನೋಡಿದರೆ ನನಗೆ ಕಣ್ಣು ತುಂಬಿ ಬರುತ್ತದೆ ಕಣೋ.

ಟೈಗರ್ ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಹುಚ್ಚು ಹಿಡಿದ ಹಾಗೆ ಬೊಗಳುತ್ತಾನೆ ಅಂದೆಯಲ್ಲ, ಅದು ಪೊಗರು ಅಲ್ಲ, ಹೆದರಿಕೆ ಇರಬಹುದು. ಇದಕ್ಕೆ ಮದ್ದು ನಮ್ಮ ಮೈಸೂರಿನಲ್ಲೇ ಪ್ರತಿ ವರ್ಷ ನೋಡಲು ಸಿಗುತ್ತದೆ. ಜಂಬೂಸವಾರಿ ದಿನ 21 ಕುಶಾಲತೋಪು ಹಾರುತ್ತವೆ. ಆನೆ, ಕುದುರೆ ಬೆಚ್ಚಬಾರದು ಅಂತ ದಸರಾಕ್ಕೆ ಮುಂಚೆಯೇ ಸಿಡಿಮದ್ದಿನ ತಾಲೀಮು ನಡೆಸುತ್ತಾರೆ. ಹೊಸ ಆನೆಗಳನ್ನು ಅನುಭವಿ ಆನೆಗಳ ಜೊತೆ ನಿಲ್ಲಿಸುತ್ತಾರೆ. 750 ಕೆಜಿ ಅಂಬಾರಿ ಹೊರುವ ಆನೆಗೂ ಮೊದಲ ದಿನವೇ ಅಷ್ಟು ಭಾರ ಹೊರಿಸುವುದಿಲ್ಲ, ಮರಳು ಮೂಟೆ ಕಟ್ಟಿ ದಿನದಿನಕ್ಕೆ ಜಾಸ್ತಿ ಮಾಡುತ್ತಾ ಹೋಗುತ್ತಾರೆ. ಆನೆ ಪಳಗಿಸುವ ಹಳೆಯ ಪದ್ಧತಿಗಳ ಬಗ್ಗೆ ನನಗೆ ಬೇಸರವಿದೆ, ಅದು ಬೇರೆ ಮಾತು. ಆದರೆ ಈ ತಾಲೀಮಿನಲ್ಲಿ ಒಂದು ಒಳ್ಳೆಯ ವಿಷಯ ನೋಡು. ಆನೆಯ ಜೊತೆ ಮಾವುತ, ಕಾವಾಡಿ ಮತ್ತು ಅವರ ಮನೆಯವರೂ ಕಾಡಿನಿಂದ ಬಂದು ಅರಮನೆ ಆವರಣದಲ್ಲೇ ಇರುತ್ತಾರೆ. ಸದ್ದು ಬಂದಾಗ ಪಕ್ಕದಲ್ಲಿ ಇರುವುದು ದಿನಾ ಅನ್ನ ಹಾಕುವ ಕೈ.

ಟೈಗರ್‌ಗೂ ಹಾಗೇ ಮಾಡು. ಟ್ರ್ಯಾಕ್ಟರ್ ಸಣ್ಣದಾಗಿ ಕಾಣುವಷ್ಟು ದೂರ ನಿಲ್ಲಿಸಿಕೋ. ಅವನು ನೋಡಿದ, ಇನ್ನೂ ಬೊಗಳಿಲ್ಲ, ಆಗಲೇ ಒಂದು ಚೂರು ಕೋಳಿ. ಟ್ರ್ಯಾಕ್ಟರ್ ಮರೆಯಾದರೆ ಕೋಳಿಯೂ ನಿಲ್ಲಲಿ. ಬೊಗಳಿದರೆ ಹತ್ತಿರ ನಿಂತಿದ್ದೀಯ ಅಂತ ಅರ್ಥ, ಇನ್ನೂ ಹಿಂದಕ್ಕೆ ಹೋಗು. ದೀಪಾವಳಿ ಪಟಾಕಿಗೆ ಇದೇ ದಾರಿ, ಆದರೆ ಹಬ್ಬದ ಹಿಂದಿನ ದಿನ ಶುರು ಮಾಡಿದರೆ ಆಗುವುದಿಲ್ಲ.

ಕಲಿಸುವವರನ್ನು ಆರಿಸುವಾಗ ಹುಷಾರು. ನಾಯಿ ಮರಿ ಮಾಡಿಸಿ ಮಾರುವವರಿಗೆ 2017ರ ನಿಯಮ ಇದೆ, ಪೆಟ್ ಶಾಪ್‌ಗಳಿಗೆ 2018ರದ್ದು ಇದೆ. ತರಬೇತಿ ಕೊಡುವವರಿಗೆ ಅಂಥ ಲೈಸೆನ್ಸ್ ಏನೂ ಬೇಕಿಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಅದಕ್ಕೇ ನೇರವಾಗಿ ಕೇಳು: ನಾಯಿ ಮಾತು ಕೇಳದಿದ್ದರೆ ಏನು ಮಾಡುತ್ತೀರಿ? ಕುತ್ತಿಗೆ ಬಿಗಿಯುವ ಚೋಕ್ ಚೈನ್ ಎಳೆಯುತ್ತೇವೆ, ಮುಳ್ಳಿನ ಪಟ್ಟಿ ಹಾಕುತ್ತೇವೆ, ಎರಡು ಏಟು ಬಿಗಿಯುತ್ತೇವೆ ಅಂದರೆ ನಮಸ್ಕಾರ ಹೇಳಿ ಕಳಿಸಿಬಿಡು. ಪಾಠ ನೋಡಲು ಮನೆಯವರು ಬರಬಾರದು ಅಂದರೂ ಅಷ್ಟೇ. ಪೋರ್ಚುಗಲ್‌ನಲ್ಲಿ ತರಬೇತಿ ಶಾಲೆಗಳ ನಾಯಿಗಳನ್ನು ಹೋಲಿಸಿ 2020ರಲ್ಲಿ ಒಂದು ಅಧ್ಯಯನ ಬಂತು. ಗದರಿ, ಎಳೆದು ಕಲಿಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣ ಜಾಸ್ತಿ ಕಂಡಿತ್ತು. ಅಮೆರಿಕದ ಪ್ರಾಣಿ ನಡವಳಿಕೆಯ ಪಶುವೈದ್ಯರ ಸಂಘ 2021ರಲ್ಲಿ ಬಹುಮಾನ ಕೊಟ್ಟು ಕಲಿಸುವ ಕ್ರಮವನ್ನೇ ಎಲ್ಲ ನಾಯಿಗಳಿಗೂ ಬಳಸಿ ಅಂತ ಹೇಳಿದೆ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲೂ ಪ್ರಾಣಿಗೆ ಹೊಡೆಯುವುದು ಅಪರಾಧ. ಕಟ್ಟಿಹಾಕಿ ಸಾಕಿದ ನಾಯಿಗೆ ಓಡಾಟ ಕೊಡದಿರುವುದು ಕೂಡ ಅಪರಾಧ ಅಂತ ಅಲ್ಲೇ ಬರೆದಿದೆ.

ಇನ್ನು ಕೆಲವರು, ತೋಳಗಳ ಗುಂಪಿಗೆ ಒಬ್ಬ ನಾಯಕ ಇರುತ್ತಾನೆ, ನೀನೇ ನಾಯಕ ಅಂತ ತೋರಿಸಿ ಬಗ್ಗಿಸು ಅನ್ನುತ್ತಾರೆ. ಆ ಮಾತು ಹುಟ್ಟಿದ್ದು ಬೋನಿನಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ. ಅದನ್ನು ತಮ್ಮ ಪುಸ್ತಕದಿಂದ ಜಗತ್ತಿಗೆಲ್ಲ ಹರಡಿದ ತೋಳಗಳ ಸಂಶೋಧಕ ಡೇವಿಡ್ ಮೆಕ್ ಅವರೇ ಕಾಡಿನ ತೋಳಗಳನ್ನು ನೋಡಿದ ಮೇಲೆ 1999ರಲ್ಲಿ ತಿದ್ದಿ ಬರೆದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ.

ಮಗನಿಗೆ ಮಾತ್ರ ಒಂದು ವಿಷಯ ಚೆನ್ನಾಗಿ ಹೇಳಿಕೊಡು. ಟೈಗರ್ ಮುಖ ಆಚೆ ತಿರುಗಿಸಿದರೆ, ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕಿಕೊಂಡರೆ, ನಿದ್ದೆ ಬರದಿದ್ದರೂ ಆಕಳಿಸಿದರೆ, ಮೈ ಬಿಗಿ ಮಾಡಿದರೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆನೋಟ ನೋಡಿದರೆ, ಸಾಕು ಬಿಡು ಅಂತ ಅವನು ಹೇಳುತ್ತಿದ್ದಾನೆ. ಆಗ ಬಿಟ್ಟುಬಿಡಬೇಕು. ಗುರ್ ಅಂದರೆ ಹೊಡೆಯಲೇಬಾರದು. ಗುರುಗುಟ್ಟುವುದಕ್ಕೆ ಏಟು ತಿಂದ ನಾಯಿ ಮುಂದೆ ಗುರುಗುಟ್ಟದೆ ನೇರವಾಗಿ ಕಚ್ಚಬಹುದು. ಉಣ್ಣುವಾಗ, ಮಲಗಿದಾಗ ಮುಟ್ಟುವುದು ಬೇಡ.

ಶುರು ಮಾಡುವ ಮುಂಚೆ ಒಮ್ಮೆ ಪಶುವೈದ್ಯರಿಗೆ ತೋರಿಸು. ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ತೊಂದರೆ, ಕಿವಿ ಸೋಂಕು ಬರುವುದು ಜಾಸ್ತಿ. ನೋವಿದ್ದ ನಾಯಿಗೆ ಪಾಠ ತಲೆಗೆ ಹತ್ತುವುದಿಲ್ಲ. ರೇಬೀಸ್ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ಪುಸ್ತಕ ತೆಗೆದು ನೋಡು.

ಕೇಂದ್ರಕ್ಕೆ ಅಡ್ವಾನ್ಸ್ ಕಟ್ಟಿಲ್ಲ ತಾನೇ? ಕಟ್ಟಬೇಡ. ನಮ್ಮ ಮೇಡಂ ಹತ್ತಿರ ಮಾತಾಡಿದ್ದೇನೆ. ಭಾನುವಾರ ಬೆಳಗ್ಗೆ ನಮ್ಮನೆಗೆ ಬರುತ್ತಾರೆ, ನಿಮ್ಮನ್ನೆಲ್ಲ ಒಮ್ಮೆ ನೋಡಿ ಆಮೇಲೆ ಮಂಡ್ಯಕ್ಕೆ ಬರುವ ದಿನ ಹೇಳುತ್ತಾರಂತೆ. ಅವ್ವನನ್ನೂ ಕರೆದುಕೊಂಡು ಬಾ, ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸು. ಟೈಗರ್‌ಗೆ ಬೆಳಗಿನ ಊಟ ಅರ್ಧ ಮಾತ್ರ ಹಾಕು. ಕೋಳಿ ಇಲ್ಲೇ ಬೇಯಿಸಿಟ್ಟಿರುತ್ತೇನೆ.

ನಿನ್ನ ಗೆಳೆಯ,
ಕುವೆಂಪುನಗರ, ಮೈಸೂರು