ಬಳಿ ಒಡಿಯೂ ಮಾತಿಗೆ

ಗದಗ

ಚಿ. ಸೌ. ಮಗಳಿಗೆ ಆಶೀರ್ವಾದ.

ನಿಮ್ಮ ಮಾವನವರು ತೀರಿದ್ದು ಬರದು, "ಅತ್ತಿಯವರ ಕೈಬಳಿ ಒಡೀಲಿಲ್ಲಂದ್ರ ನನ್ನ ಗಂಡಗ ಕೇಡಾದೀತೇನು" ಅಂತ ಕೇಳೀಯಲ್ಲ, ಆ ಒಂದು ಸಾಲು ನನ್ನ ಮನಸ್ಸು ಕದಡೇದ. ಉಳಿದದ್ದು ಆಮ್ಯಾಲೆ ಬರೀತೀನಿ.

ಏನೂ ಆಗೂದಿಲ್ಲ. ದುಃಖದ ಉಡುಗಿ ಊರಿಗೊಂದು ಥರ ಅದ. ನಮ್ಮ ಕಡೆ ಬ್ರಾಹ್ಮಣರ ಮನಿಯಾಗ ವಿಧವೆಯರ ತಲಿ ಬೋಳಿಸಿ ಕೆಂಪು ಸೀರಿ ಉಡಸ್ತಿದ್ರು, ಬ್ಯಾರೆಯವರಲ್ಲಿ ಬಿಳಿ. ಇಂಗ್ಲೆಂಡಿನಾಗ ಕರೀದು: 1861ರಾಗ ಗಂಡ ತೀರಿದ ಮ್ಯಾಲೆ ವಿಕ್ಟೋರಿಯಾ ರಾಣಿ 1901ರಾಗ ತಾನು ಸಾಯೂತನಕ ಕರೀದ ಉಟ್ಟಳು. ಆದ್ರ ಅಲ್ಲಿ ಆಭರಣ ಕಸಗೋತಿರಲಿಲ್ಲ. ವಿಟ್ಬಿ ಊರಿನ ಜೆಟ್ ಅಂತ, ಕಟ್ಟಿಗಿ ಕಲ್ಲಾದ ಕರೀ ಮಣಿ, ಅದರ ಸರ ಹಾಕ್ಕೋತಿದ್ರು. ಸತ್ತವರ ಕೂದಲಾ ಲಾಕೆಟ್ಟಿನಾಗ ಇಟಗೋತಿದ್ರು. ಒಂದು ಕಡೆ ತಗಿಯೂದು, ಒಂದು ಕಡೆ ಹಾಕೂದು. ಇದರಾಗ ಮಗನ ಆಯುಷ್ಯ ಎಲ್ಲಿಂದ ಬಂತು?

ಶರಣರು 12ನೇ ಶತಮಾನದಾಗ ಪ್ರೇತಸೂತಕ ಇಲ್ಲಂದ್ರು. ಆದ್ರೂ ಲಿಂಗಾಯತರ ಎಷ್ಟೋ ಮನಿಯಾಗ ಬಳಿ ಒಡೀತಾರ. ನಮ್ಮ ದೊಡ್ಡವ್ವಗೋಳಿಗೆ ಈ ಮಾತು ಯಾರೂ ಹೇಳಲಿಲ್ಲಲ್ಲ ಅನ್ನೂ ಕೊರಗು ನನಗ ಈಗೂ ಅದ.

ಅತ್ತಿಯವರು ತಾವಾಗಿ ತಗೀತೀನಂದ್ರ (ಹೇಳಲೋ ಬ್ಯಾಡೋ ಅನಿಸ್ತು, ಆದ್ರೂ ಬರೀತೀನಿ) ಒಡೀಬ್ಯಾಡ್ರಿ. ಬಳಿ ಚೂರು ಮಣಿಕಟ್ಟಿಗೆ ಚುಚ್ಚತದ, ಸಕ್ಕರಿ ಬ್ಯಾನಿ ಇದ್ದವರಿಗೆ ಗಾಯ ಲಗೂನ ಮಾಯೂದಿಲ್ಲ. ಕೈ ಐದು ನಿಮಿಷ ಮ್ಯಾಲೆ ಎತ್ತಿಸಿ ಬಾವು ಇಳಿಸು. ತೆಳ್ಳನ ಪ್ಲಾಸ್ಟಿಕ್ ಚೀಲ ಕೈಗೆ ತೊಡಿಸಿ, ಅದರ ಮ್ಯಾಲೆ ಎಣ್ಣಿ ಹಚ್ಚಿ, ಹೆಬ್ಬೆರಳಿನ ಬುಡ ಅಂಗೈಯೊಳಗ ಒತ್ತಿ ಒಂದೊಂದ ಬಳಿ ಜಾರಿಸು. ಎರಡು ಕೂಡಿ ಎಳದ್ರ ಸಿಕ್ಕೊಂಡು ಒಡೀತಾವ. ಊದಿದ ಬೆರಳಿನ ಕಾಲುಂಗರ ಜಗ್ಗಬ್ಯಾಡ, ಪತ್ತಾರನ ಕಡೆ ಕತ್ತರಿಸಿಸು.

ಕೇಡಿನ ಮಾತು ಮತ್ತ ಎತ್ತಿದವರಿಗೆ ಇಷ್ಟು ಹೇಳು: ಕೊಲ್ಹಾಪುರ ಜಿಲ್ಲಾದ ಹೇರವಾಡ ಗ್ರಾಮಪಂಚಾಯಿತಿ 2022ರಾಗ ಬಳಿ ಒಡಿಯೂದು, ಕುಂಕುಮ ಅಳಸೂದು, ತಾಳಿ-ಕಾಲುಂಗರ ತಗಿಯೂದು ಬ್ಯಾಡಂತ ಠರಾವು ಮಾಡೇದ.

ತಾಳಿ ತಗದ್ರೂ ಅದು ಅವರದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಪ್ರಕಾರ ಹೆಂಗಸಿನ ಆಸ್ತಿಗೆ ಆಕಿನ ಪೂರ್ತಿ ಮಾಲಕಳು. ಬಂಗಾರದ ಗುಂಡು, ಬಟ್ಟಲ ಬ್ಯಾರೆ ತೂಗಿಸು, ಕರಿಮಣಿ ಬ್ಯಾರೆ. ಕೂಡಿ ತೂಗಿದ್ರ ಮುಂದ ಲೆಕ್ಕ ತಪ್ಪತದ. ಬರದಿಟ್ಟು ಅವರ ಕೈಯಾಗ ಕೊಡು.

ಇದೆಲ್ಲಾಕಿಂತ ಮೊದಲ, ಮಂದಿ ಇಲ್ಲದಾಗ ಅತ್ತಿಯವರನ್ನ ಒಂದು ಮಾತು ಕೇಳು. ಬಳಿ ಇರಲಿ ಅಂದ್ರ, ಕರ್ಮದ ದಿನ ನೀನು ಒಂದು ಮಗ್ಗಲಕ್ಕ, ನಿನ್ನ ಗಂಡ ಇನ್ನೊಂದು ಮಗ್ಗಲಕ್ಕ ಕೂಡ್ರಿ. ಬ್ಯಾಡನ್ನೂ ಮಾತು ಮಗನ ಬಾಯಿಂದ ಬರಲಿ. ಅವಗ ಕೇಡಾಗೂದಿಲ್ಲ, ಮಗಳ.

ನಿನ್ನ ಸೋದರತ್ತಿ